ಹನ್ನೊಂದು ಅಂಕಿಯ ಸಂಖ್ಯೆಯನ್ನು ಪೆನ್ನು, ಹಾಳೆಯಲ್ಲೇ ಬಿಡಿಸುವುದು ಹೇಗೆ?

12345654321. ಈ ಒಂದು ಸಂಖ್ಯೆಯನ್ನು ಹಿಡಿದುಕೊಂಡು, ದೊಡ್ಡ ಪೂರ್ಣ ಸಂಖ್ಯೆಯೊಂದು ಎದುರಾದರೆ ಅದರ ಗುಣಗಳನ್ನು ಹೇಗೆ ಹುಡುಕಬೇಕು ಅಂತ ಹೇಳುತ್ತೇನೆ. ನಾನು ಸೇಡಂನಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಂಜೆ ಗಣಿತದ ಟ್ಯೂಷನ್ ಹೇಳುವವಳು. ಬೋರ್ಡಿನ ಮೇಲೆ ಇಷ್ಟುದ್ದದ ಸಂಖ್ಯೆ ಬರೆದರೆ ಸಾಕು, "ಇದ್ರಾಗ ಏನದ್ರಿ ಮೇಡಂ" ಅಂತ ಹಿಂದಿನ ಸಾಲಿನಿಂದ ಒಂದು ದನಿ ಬಂದೇ ಬರುತ್ತದೆ. ಏನಿದೆ ಅನ್ನುವುದನ್ನೇ ಇಲ್ಲಿ ನೋಡೋಣ.

ಈ ಸಂಖ್ಯೆಯನ್ನೇ ಆರಿಸಿದ್ದಕ್ಕೆ ಕಾರಣ ಇದೆ. ನಮ್ಮ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಈ ಸಂಖ್ಯೆ ಆ ಪುಸ್ತಕದಲ್ಲಿದೆ. ಒಂದರಿಂದ ಹೊರಟು ಆರರವರೆಗೆ ಹೋಗಿ, ಆಮೇಲೆ ಕ್ರಮವಾಗಿ ಇಳಿಯುವ ಸಂಖ್ಯೆ ಅಂತ ಅವರು ಅದನ್ನು ಹೇಳುತ್ತಾರೆ. ಅಂಕಿಗಳನ್ನು ಒಂದೊಂದಾಗಿ ಹೆಸರಿಸುವ ಗೋಜೇ ಇಲ್ಲ.

ಬೇಕಾಗಿರುವುದು ಚೌಕದ ನೋಟ್‌ಬುಕ್, ಪೆನ್ನು, ಸ್ವಲ್ಪ ಪುರುಸೊತ್ತು. ಮೊಬೈಲ್ ಕೊನೆಗೆ ತಾಳೆ ನೋಡಲು ಬೇಕು. ಅಲ್ಲಿಯವರೆಗೆ ಅದು ಪಕ್ಕದ ಕೋಣೆಯಲ್ಲಿ ಚಾರ್ಜಿಗೆ ಇರಲಿ.

ಮೊದಲು ಓದಿ, ಆಮೇಲೆ ಕಣ್ಣಲ್ಲೇ ಅಳೆಯಿರಿ

ದೊಡ್ಡ ಸಂಖ್ಯೆಯನ್ನು ಬಾಯಿಬಿಟ್ಟು ಓದಲು ಬರಬೇಕು. ಬಲಗಡೆಯಿಂದ ಮೂರು ಅಂಕಿ ಬಿಡಿ, ಆಮೇಲೆ ಎರಡೆರಡು: 1234,56,54,321. ಅಂದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಒಟ್ಟು 11 ಅಂಕಿ. ಮಹಾವೀರಾಚಾರ್ಯರು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಅವರ ಪಟ್ಟಿಯಲ್ಲಿ ಶತಕೋಟಿ ಆದಮೇಲೆ ಬರುವ ಹನ್ನೊಂದನೇ ಸ್ಥಾನ ಅರ್ಬುದ. ಹಾಗಾಗಿ ಎಡತುದಿಯ ಆ ಒಂದು ಅವರ ಲೆಕ್ಕದಲ್ಲಿ ಒಂದು ಅರ್ಬುದ.

ಈಗ ಕಣ್ಣಿಗೆ ಕಾಣುವಷ್ಟನ್ನು ಬರೆದುಕೊಳ್ಳಿ. ಕೊನೆಯ ಅಂಕಿ 1, ಅಂದರೆ ಬೆಸ ಸಂಖ್ಯೆ. 2 ಮತ್ತು 5 ಎರಡೂ ಹೋಗುವುದಿಲ್ಲ. ಅಂಕಿಗಳನ್ನೆಲ್ಲ ಕೂಡಿದರೆ 36. ಅದು 9ರಿಂದ ಭಾಗವಾಗುತ್ತದೆ, ಹಾಗಾಗಿ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. 36ರಿಂದ ಆಗುವುದಿಲ್ಲ, ಬೆಸ ಅಲ್ವಾ! ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಸಂಖ್ಯೆಗಳಿಗೆ ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಕಾಪ್ರೇಕರ್ ಅವರು ಹರ್ಷದ ಸಂಖ್ಯೆ ಅಂತ ಹೆಸರಿಟ್ಟಿದ್ದರು. ನಮ್ಮದು ಆ ಗುಂಪಿಗೆ ಸೇರುವುದಿಲ್ಲ.

ಬಲದಿಂದ ಒಂದನ್ನು ಕೂಡಿ, ಮುಂದಿನದನ್ನು ಕಳೆಯುತ್ತಾ ಹೋಗಿ: 1−2+3−4+5−6+5−4+3−2+1. ಉತ್ತರ 0. ಸೊನ್ನೆ ಬಂದರೆ 11ರಿಂದ ಭಾಗವಾಗುತ್ತದೆ.

ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಅನ್ನುವುದನ್ನು ಎಲ್ಲರೂ ಮೊದಲು ಹೇಳುತ್ತಾರೆ. ಅದು ನೋಡಲು ಚೆಂದ, ಆದರೆ ಅದರಿಂದ ಸಿಗುವ ಮಾಹಿತಿ ಕಡಿಮೆ. ಸಂಖ್ಯೆಯ ನಿಜವಾದ ಜಾತಕ ಅದರ ಅವಿಭಾಜ್ಯ ಅಪವರ್ತನಗಳಲ್ಲಿ ಇರುತ್ತದೆ. ಅದನ್ನು ಬರೆದು ಮುಗಿಸುವವರೆಗೆ ಬೇರೆ ಯಾವ ಪ್ರಶ್ನೆಗೂ ಕೈ ಹಾಕಬೇಡಿ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ವರ್ಗವೇ ಅಂತ ನೋಡಿ

ಅಪವರ್ತನ ಹುಡುಕುವ ಮೊದಲು ಒಂದು ಪರೀಕ್ಷೆ: ಇದು ಪೂರ್ಣವರ್ಗವೇ? ಹೌದಾದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ತಪ್ಪುತ್ತದೆ. 11 ಅಂಕಿಯ ಬದಲು 6 ಅಂಕಿಯನ್ನು ಬಿಡಿಸಿದರೆ ಸಾಕು.

ಕೊನೆ ಅಂಕಿ 2, 3, 7, 8 ಆಗಿದ್ದರೆ ವರ್ಗ ಅಲ್ಲ, ಅಲ್ಲಿಗೆ ಬಿಡಿ. 1 ಆಗಿದ್ದರೆ ಅದರ ಹಿಂದಿನ ಅಂಕಿ ಸಮ ಆಗಿರಲೇಬೇಕು. ನಮ್ಮದು 21ರಲ್ಲಿ ಮುಗಿಯುತ್ತದೆ, ಸರಿಯಿದೆ. ಬೆಸ ಸಂಖ್ಯೆಯ ವರ್ಗವನ್ನು 8ರಿಂದ ಭಾಗಿಸಿದರೆ ಯಾವಾಗಲೂ ಶೇಷ 1. ಕೊನೆ ಮೂರಂಕಿ ನೋಡಿದರೆ ಸಾಕು: 321 = 8×40+1. ಇದೂ ಸರಿ. ಇಷ್ಟಾದರೂ ಇದು ವರ್ಗವೇ ಅಂತ ಖಾತ್ರಿಯಾಗಲಿಲ್ಲ. ಇರಬಹುದು ಅಂತ ಮಾತ್ರ ಆಯಿತು. ಇನ್ನು ವರ್ಗಮೂಲ ತೆಗೆಯುವುದೇ ದಾರಿ.

ಭಾಗಾಕಾರ ವಿಧಾನದ ವರ್ಗಮೂಲ ಎಂಟನೇ ಕ್ಲಾಸಿನಲ್ಲಿ ಕಲಿತು ಒಂಬತ್ತನೇ ಕ್ಲಾಸಿನಲ್ಲಿ ಮರೆಯುವ ವಿದ್ಯೆ. ಮತ್ತೆ ನೆನಪಿಸಿಕೊಳ್ಳಿ. ಬಲದಿಂದ ಎರಡೆರಡು ಅಂಕಿ ಜೋಡಿ ಮಾಡಿ: 1 | 23 | 45 | 65 | 43 | 21. ಆರು ತುಂಡು, ಹಾಗಾಗಿ ಮೂಲದಲ್ಲಿ ಆರು ಅಂಕಿ.

ಮೊದಲ ತುಂಡು 1. ಮೂಲ 1, ಶೇಷ 0. ಮುಂದಿನ ತುಂಡು 23 ಇಳಿಸಿ. ಇಲ್ಲಿಯವರೆಗಿನ ಮೂಲವನ್ನು ಇಮ್ಮಡಿ ಮಾಡಿದರೆ 2. ಅದರ ಪಕ್ಕದಲ್ಲಿ ಒಂದು ಅಂಕಿ ಕೂರಿಸಬೇಕು, ಬಂದ ಸಂಖ್ಯೆಯನ್ನು ಅದೇ ಅಂಕಿಯಿಂದ ಗುಣಿಸಬೇಕು, ಗುಣಲಬ್ಧ 23 ಮೀರಬಾರದು. 21×1 = 21. ಶೇಷ 2. ಈಗ 45 ಇಳಿಸಿ, 245 ಆಯಿತು. ಮೂಲ 11, ಇಮ್ಮಡಿ 22. 221×1 = 221, ಶೇಷ 24. ಆಮೇಲೆ 65 ಇಳಿಸಿದರೆ 2465. 2221 ಕಳೆದರೆ 244. ಮುಂದೆ 43 ಇಳಿಸಿದರೆ 24443. 22221 ಕಳೆದರೆ 2222. ಕೊನೆಗೆ 21 ಇಳಿಸಿದರೆ 222221. ಕಳೆಯಬೇಕಾದ್ದೂ 222221! ಶೇಷ ಸೊನ್ನೆ.

ಮೂಲ 111111. ಆರು ಒಂದುಗಳು.

ಈ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡುವಾಗ ಕೊನೆಯ ಸಾಲಿಗೆ ಬಂದರೆ ಕ್ಲಾಸು ತನ್ನಷ್ಟಕ್ಕೆ ಸುಮ್ಮನಾಗುತ್ತದೆ. ಬೇರೆ ಲೆಕ್ಕಕ್ಕೆ ಹಾಗಾಗುವುದಿಲ್ಲ.

ಆರು ಒಂದುಗಳ ವರ್ಗ ಏಕೆ ಹೀಗೆ ಏರಿ ಇಳಿಯುತ್ತದೆ ಅನ್ನುವುದು 111111×111111 ಅನ್ನು ಕೈಯಲ್ಲಿ ಗುಣಿಸಿದರೆ ತಿಳಿಯುತ್ತದೆ. 111111 ಅನ್ನೇ ಆರು ಸಲ, ಒಂದೊಂದು ಮನೆ ಎಡಕ್ಕೆ ಸರಿಸಿ ಬರೆಯುತ್ತೀರಿ. ಬಲತುದಿಯ ಕಂಬದಲ್ಲಿ ಒಂದೇ ಒಂದು, ಅದರ ಪಕ್ಕ ಎರಡು, ಹೀಗೆ ನಡುವಿನ ಕಂಬದಲ್ಲಿ ಆರು. ಆಮೇಲೆ ಕಡಿಮೆಯಾಗುತ್ತಾ ಬರುತ್ತದೆ. ಯಾವ ಕಂಬದಲ್ಲೂ ಮೊತ್ತ 9 ಮೀರದ ಕಾರಣ ದಶಕ ಹೋಗುವುದಿಲ್ಲ. ಒಂಬತ್ತು ಒಂದುಗಳವರೆಗೆ ಈ ಆಟ ನಡೆಯುತ್ತದೆ. ಹತ್ತಕ್ಕೆ ಕೆಡುತ್ತದೆ, ಆಗ ಉತ್ತರ 1234567900987654321.

ಮೂರು ಮೂರು ಅಂಕಿಯ ಉಪಾಯ

ಈಗ ಒಡೆಯುವ ಕೆಲಸ. 111111 ಅನ್ನೇ ಒಡೆಯಬಹುದು, ಆದರೆ ನಾನು ದೊಡ್ಡ ಸಂಖ್ಯೆಯ ಮೇಲೇ ತೋರಿಸುತ್ತೇನೆ. ವರ್ಗ ಅಲ್ಲದ ಸಂಖ್ಯೆಗೂ ಇದೇ ದಾರಿ ನಡೆಯುತ್ತದೆ.

ಎರಡು ಗುಣಾಕಾರ ಬಾಯಿಪಾಠ ಮಾಡಿಕೊಳ್ಳಿ. 7×11×13 = 1001. 27×37 = 999. ಸಾವಿರಕ್ಕೆ ಒಂದು ಜಾಸ್ತಿ, ಸಾವಿರಕ್ಕೆ ಒಂದು ಕಡಿಮೆ. ಹೀಗಾಗಿ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಯಾಗಿ ಕತ್ತರಿಸಿ, ತುಂಡುಗಳನ್ನು ಒಂದು ಕೂಡಿ ಒಂದು ಕಳೆದರೆ 1001ರ ಪರೀಕ್ಷೆ. ಎಲ್ಲವನ್ನೂ ಕೂಡಿದರೆ 999ರ ಪರೀಕ್ಷೆ. 7, 11, 13, 37 ನಾಲ್ಕನ್ನೂ ಒಂದೇ ಏಟಿಗೆ ನೋಡಿದ ಹಾಗಾಯಿತು. 7ಕ್ಕೆ ಅಂತ ಬೇರೆ ಬೇರೆ ಸೂತ್ರ ಹೇಳಿಕೊಡುತ್ತಾರೆ, ಕೊನೆ ಅಂಕಿ ಇಮ್ಮಡಿ ಮಾಡಿ ಕಳೆಯಿರಿ ಅಂತೆಲ್ಲ. 11 ಅಂಕಿಗೆ ಅದು ತಲೆನೋವು. ನನಗಂತೂ ಇದೇ ಇಷ್ಟ.

ನಮ್ಮ ಸಂಖ್ಯೆಯ ತುಂಡುಗಳು 12, 345, 654, 321. ಬಲದಿಂದ: 321−654+345−12. ಲೆಕ್ಕ ಹಾಕಿ. ಸೊನ್ನೆ! ಅಂದರೆ 1001 ಪೂರ್ತಿಯಾಗಿ ಹೋಗುತ್ತದೆ. 7, 11, 13 ಮೂರೂ ಒಟ್ಟಿಗೆ ಸಿಕ್ಕವು. (ಸೊನ್ನೆಯ ಬದಲು, ಹೇಳೋಣ, 91 ಬಂದಿದ್ದರೆ 7 ಮತ್ತು 13 ಮಾತ್ರ ಹೋಗುತ್ತಿದ್ದವು. ಬಂದ ಚಿಕ್ಕ ಸಂಖ್ಯೆಗೆ ಯಾವುದು ಹೋಗುತ್ತದೋ ದೊಡ್ಡದಕ್ಕೂ ಅದೇ ಹೋಗುತ್ತದೆ.)

1001ರಿಂದ ಭಾಗಿಸಲು ಉದ್ದ ಭಾಗಾಕಾರ ಬೇಡ. ಬಲದ ತುಂಡು 321 ಹಾಗೇ ಇಳಿಸಿ. ಮುಂದಿನ ತುಂಡು 654ರಿಂದ ಈಗ ಇಳಿಸಿದ್ದನ್ನು ಕಳೆಯಿರಿ: 333. ಅದರ ಮುಂದಿನ 345ರಿಂದ 333 ಕಳೆಯಿರಿ: 12. ಕೊನೆಯ 12ರಿಂದ 12 ಕಳೆದರೆ 0. ಭಾಗಲಬ್ಧ 12,333,321. ಕಳೆಯುವಾಗ ಸಾಲದೇ ಬಂದರೆ ಎಡದ ತುಂಡಿನಿಂದ ಒಂದು ಸಾಲ ತಗೊಳ್ಳಿ, ಮಾಮೂಲಿ ಕಳೆಯುವ ಲೆಕ್ಕದ ಹಾಗೆ.

ಮತ್ತೆ ಪರೀಕ್ಷೆ: 321−333+12 = 0. ಇನ್ನೊಮ್ಮೆ 1001! ಭಾಗಿಸಿ: 321, ಆಮೇಲೆ 333−321 = 12, ಆಮೇಲೆ 12−12 = 0. ಉಳಿದದ್ದು 12,321. ಹನ್ನೊಂದು ಅಂಕಿ ಎರಡೇ ಸಾಲಿನಲ್ಲಿ ಐದಕ್ಕೆ ಇಳಿಯಿತು.

ಮೂರನೇ ಸಲ 321−12 = 309. ಇದಕ್ಕೆ 7, 11, 13 ಯಾವುದೂ ಹೋಗುವುದಿಲ್ಲ. ಆ ಬಾಗಿಲು ಮುಚ್ಚಿತು. ಈಗ ಕೂಡಿ ನೋಡಿ: 12+321 = 333, ಅಂದರೆ 9×37. ಹಾಗಾದರೆ 12321ಕ್ಕೂ 333 ಹೋಗುತ್ತದೆ. 12321÷333 = 37. ಮುಗಿಯಿತು.

ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಳ್ಳಿ: 12345654321 = 3² × 7² × 11² × 13² × 37².

ಭಾಜಕ ಎಷ್ಟು?

ಒಂದು ಸಂಖ್ಯೆಗೆ ಎಷ್ಟು ಭಾಜಕಗಳು ಅಂತ ತಿಳಿಯಲು ಒಂದೊಂದೇ ಎಣಿಸುವುದು ಬೇಡ. ಪ್ರತಿ ಘಾತಕ್ಕೂ ಒಂದು ಸೇರಿಸಿ, ಎಲ್ಲವನ್ನೂ ಗುಣಿಸಿ. ಇಲ್ಲಿ ಐದೂ ಘಾತ 2, ಹಾಗಾಗಿ 3×3×3×3×3 = 243. ಭಾಜಕ ಕಟ್ಟುವಾಗ 3 ಅನ್ನು ತಗೊಳ್ಳದೇ ಇರಬಹುದು, ಒಂದು ಸಲ ತಗೊಳ್ಳಬಹುದು, ಎರಡು ಸಲ ತಗೊಳ್ಳಬಹುದು. ಉಳಿದ ನಾಲ್ಕಕ್ಕೂ ಹಾಗೇ. ಕಾರಣ ಇಷ್ಟೇ.

243 ಬೆಸ. ಭಾಜಕಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ, ಒಂದು ಚಿಕ್ಕದು ಒಂದು ದೊಡ್ಡದು. ಇಲ್ಲಿ 121 ಜೋಡಿ, ಮತ್ತೆ ಜೋಡಿಯಿಲ್ಲದ 111111. ಭಾಜಕಗಳ ಎಣಿಕೆ ಬೆಸ ಬಂದರೆ ಅದು ಪೂರ್ಣವರ್ಗ, ಬೇರೆ ಯಾವ ಸಂಖ್ಯೆಗೂ ಹಾಗಾಗುವುದಿಲ್ಲ.

ಇದೇ 121 ಜೋಡಿಗಳಿಂದ ಇನ್ನೊಂದು ಉತ್ತರ ಬಿಟ್ಟಿಯಾಗಿ ಸಿಗುತ್ತದೆ. ನಮ್ಮ ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ 121 ರೀತಿಯಲ್ಲಿ ಬರೆಯಬಹುದು. ಜೋಡಿಯ ಮೊತ್ತದ ಅರ್ಧ, ವ್ಯತ್ಯಾಸದ ಅರ್ಧ, ಇವೆರಡರ ವರ್ಗಗಳನ್ನು ಕಳೆದರೆ ಆಯಿತು. 1 ಮತ್ತು ಪೂರ್ತಿ ಸಂಖ್ಯೆಯ ಜೋಡಿಯಿಂದ 6172827161² − 6172827160².

ಮೊತ್ತ, ಮತ್ತು 37 ಮಾಡಿದ ಕೆಲಸ

ಭಾಜಕಗಳನ್ನೆಲ್ಲ ಕೂಡಿದರೆ ಎಷ್ಟು? ಇದು ನನಗೆ ಬಹಳ ಇಷ್ಟವಾದ ಭಾಗ. ಅವಿಭಾಜ್ಯ ಒಂದೊಂದಕ್ಕೂ 1, ಅದು, ಅದರ ವರ್ಗ, ಮೂರನ್ನೂ ಕೂಡಿ:

3ಕ್ಕೆ 1+3+9 = 13
7ಕ್ಕೆ 1+7+49 = 57
11ಕ್ಕೆ 1+11+121 = 133
13ಕ್ಕೆ 1+13+169 = 183
37ಕ್ಕೆ 1+37+1369 = 1407

ಈಗ ಐದನ್ನೂ ಗುಣಿಸಿ. 13×57 = 741. ಅದನ್ನು 133ರಿಂದ ಗುಣಿಸಿದರೆ 98553. 183ರಿಂದ ಗುಣಿಸಿದರೆ 18035199. ಇಲ್ಲಿ ಒಂದು ನಿಮಿಷ ನಿಲ್ಲಿ.

ಈ 18035199 ಅನ್ನುವುದು 37 ಇಲ್ಲದ ಸಂಖ್ಯೆಯ, ಅಂದರೆ 3003² = 9018009ರ ಭಾಜಕಗಳ ಮೊತ್ತ. ಅದರ ಇಮ್ಮಡಿ 18036018. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಕೋಟಿ ಎಂಬತ್ತು ಲಕ್ಷದ ಲೆಕ್ಕದಲ್ಲಿ ಬರೀ 819 ಕಡಿಮೆ!

ಇಮ್ಮಡಿಗೆ ಏಕೆ ಹೋಲಿಸಬೇಕು? ಭಾಜಕಗಳ ಮೊತ್ತ ಸಂಖ್ಯೆಯ ಸರಿಯಾಗಿ ಇಮ್ಮಡಿಯಾದರೆ ಅದು ಪರಿಪೂರ್ಣ ಸಂಖ್ಯೆ. 6, 28, 496 ಹಾಗೆ. ಇವತ್ತಿನವರೆಗೆ ಸಿಕ್ಕಿರುವುದೆಲ್ಲವೂ ಸಮ. ಬೆಸ ಪರಿಪೂರ್ಣ ಸಂಖ್ಯೆ ಇದೆಯೋ ಇಲ್ಲವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. 9018009 ಅಂಚಿಗೆ ಬಂದು 819ರಿಂದ ತಪ್ಪಿಸಿಕೊಂಡಿದೆ. (ಬೆಸ ವರ್ಗ ಸಂಖ್ಯೆ ಪರಿಪೂರ್ಣ ಆಗಲು ಸಾಧ್ಯವೇ ಇಲ್ಲ. ಅದರ ಭಾಜಕಗಳ ಎಣಿಕೆ ಬೆಸ, ಎಲ್ಲ ಭಾಜಕಗಳೂ ಬೆಸ, ಹಾಗಾಗಿ ಮೊತ್ತವೂ ಬೆಸ. ಇಮ್ಮಡಿ ಮಾತ್ರ ಸಮ.)

ಈಗ 1407ರಿಂದ ಗುಣಿಸಿ: 25375524993. ಪೂರ್ತಿ ಸಂಖ್ಯೆಯ ಇಮ್ಮಡಿ 24691308642. ಈ ಸಲ ಮೊತ್ತವೇ ದೊಡ್ಡದು, 684216351 ಜಾಸ್ತಿ. 37 ಸೇರಿದ್ದರಿಂದ ತಕ್ಕಡಿ ಆಚೆ ಬದಿಗೆ ವಾಲಿತು. ಸಂಖ್ಯೆಯನ್ನು ಬಿಟ್ಟು ಉಳಿದ 242 ಭಾಜಕಗಳ ಮೊತ್ತ 13029870672, ಸಂಖ್ಯೆಗಿಂತಲೂ ಹೆಚ್ಚು.

ಸಮ ಸಂಖ್ಯೆಗಳಲ್ಲಿ ಇದು ಸಾಮಾನ್ಯ, 12 ಸಾಕು ಉದಾಹರಣೆಗೆ. ಬೆಸ ಸಂಖ್ಯೆಗಳಲ್ಲಿ ಅಪರೂಪ. ಅಂಥ ಮೊದಲ ಬೆಸ ಸಂಖ್ಯೆ 945, ಅಂದರೆ 3³×5×7. 5 ಇಲ್ಲದೆ ಹುಡುಕಿದರೆ 81081 ತನಕ ಹೋಗಬೇಕು, ಅದು 3⁴×7×11×13. ನಮ್ಮದರಲ್ಲೂ 5 ಇಲ್ಲ, ಆದರೂ ದಾಟಿದೆ. 3, 7, 11, 13 ಅನ್ನುವ ಚಿಕ್ಕ ಚಿಕ್ಕ ಅವಿಭಾಜ್ಯಗಳು ಎರಡೆರಡು ಸಲ ಇದ್ದು ಅಂಚಿನವರೆಗೆ ತಂದವು, 37 ದಾಟಿಸಿತು.

ಸಂಖ್ಯೆಗಿಂತ ಚಿಕ್ಕದಾಗಿದ್ದು, ಅದರ ಜೊತೆ 1 ಬಿಟ್ಟು ಬೇರೆ ಸಾಮಾನ್ಯ ಭಾಜಕ ಇಲ್ಲದವು ಎಷ್ಟು ಅಂತಲೂ ಕೇಳುತ್ತಾರೆ. ಪ್ರತಿ ಅವಿಭಾಜ್ಯವನ್ನೂ ಅದಕ್ಕಿಂತ ಒಂದು ಕಡಿಮೆಯಿಂದ ಗುಣಿಸಿ (3×2, 7×6, 11×10, 13×12, 37×36), ಐದನ್ನೂ ಮತ್ತೆ ಗುಣಿಸಿದರೆ 5759994240. ಸೂತ್ರ ಹಾಕಿದರೆ ಮುಗಿಯಿತು, ಜಾಸ್ತಿ ಹೇಳುವುದಿಲ್ಲ.

ಹಾರ ಕಟ್ಟುವುದು

ಮಹಾವೀರಾಚಾರ್ಯರ ಪುಸ್ತಕದ ಗುಣಾಕಾರದ ಭಾಗದಲ್ಲಿ, ಗುಣಲಬ್ಧ ಕೊರಳ ಹಾರದ ಹಾಗೆ ಎರಡೂ ಕಡೆಯಿಂದ ಒಂದೇ ಥರ ಕಾಣುವ ಲೆಕ್ಕಗಳಿವೆ. 139×109 = 15151. 152207×73 = 11111111. 14287143×7 = 100010001. 333333666667×33 = 11000011000011. ಇವುಗಳ ಜೊತೆಯಲ್ಲೇ 27994681×441 ಇದೆ, ಉತ್ತರ ನಮ್ಮ 12345654321.

ಈ ಲೆಕ್ಕ ಹೇಗೆ ಹುಟ್ಟಬಹುದು ಅಂತ ಈಗ ನಿಮಗೇ ಗೊತ್ತಾಗಬೇಕು. 441 = 21² = 3²×7². ಉಳಿದದ್ದು 11², 13², 37². ಅದು 5291², ಅಂದರೆ 27994681. ನೋಡಿದರೆ ಯಾವ ಚೆಂದವೂ ಇಲ್ಲದ ಎಂಟು ಅಂಕಿ, ಗುಣಿಸಿದರೆ ಹಾರ.

ನೀವೂ ಕಟ್ಟಬಹುದು. ಐದು ಅವಿಭಾಜ್ಯಗಳನ್ನು ಎರಡು ಗುಂಪು ಮಾಡಿ, ಒಂದೊಂದು ಗುಂಪನ್ನೂ ಗುಣಿಸಿ ವರ್ಗ ಮಾಡಿ. 37 ಒಂದನ್ನೇ ಬೇರೆ ಇಟ್ಟರೆ 1369×9018009. 13 ಒಂದನ್ನೇ ಇಟ್ಟರೆ 169×73051209. ಇನ್ನೊಂದು, 111 ಮತ್ತು 1001 ಅಂತ ಒಡೆದರೆ 12321×1002001. ಇಲ್ಲಿ ಎರಡು ಹಾರ ಸೇರಿ ಮೂರನೇ ಹಾರ! ಹೀಗೆ ಒಟ್ಟು 16 ರೀತಿ ಇದೆ, 1×12345654321 ಕೂಡ ಸೇರಿ. ಮಕ್ಕಳಿಗೆ ಕೊಡಲು ಇದಕ್ಕಿಂತ ಒಳ್ಳೆಯ ಗುಣಾಕಾರದ ಲೆಕ್ಕ ಸಿಗುವುದಿಲ್ಲ. ಉತ್ತರ ಸರಿಯೋ ತಪ್ಪೋ ಅಂತ ಅವರೇ ಹೇಳಬಲ್ಲರು, ನಾನು ನೋಟ್‌ಬುಕ್ ತಿದ್ದುವುದೇ ಬೇಡ.

ನಾಲ್ಕು ತ್ರಿಭುಜಗಳು

ನಮ್ಮ ಸಂಖ್ಯೆ 111111ರ ವರ್ಗ. ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ? ಅಂದರೆ ವಿಕರ್ಣ 111111 ಇರುವ, ಉಳಿದೆರಡು ಬಾಹುಗಳೂ ಪೂರ್ಣ ಸಂಖ್ಯೆ ಆಗಿರುವ ಲಂಬಕೋನ ತ್ರಿಭುಜ ಇದೆಯೇ?

ಇಲ್ಲೂ ಅಪವರ್ತನವೇ ಉತ್ತರ ಹೇಳುತ್ತದೆ. 4ರಿಂದ ಭಾಗಿಸಿದಾಗ ಶೇಷ 1 ಬರುವ ಅವಿಭಾಜ್ಯಗಳು ಮಾತ್ರ ಈ ಕೆಲಸಕ್ಕೆ ಬರುತ್ತವೆ. ನಮ್ಮಲ್ಲಿ 13 ಮತ್ತು 37 ಅಂಥವು. 3, 7, 11ಕ್ಕೆ ಶೇಷ 3, ಅವು ಸುಮ್ನೆ ಅಳತೆ ಹಿಗ್ಗಿಸುತ್ತವೆ ಅಷ್ಟೆ.

ಎರಡು ಬೀಜಸಂಖ್ಯೆ ತಗೊಂಡು, ವರ್ಗಗಳ ವ್ಯತ್ಯಾಸ ಒಂದು ಬಾಹು, ಗುಣಲಬ್ಧದ ಇಮ್ಮಡಿ ಇನ್ನೊಂದು ಬಾಹು, ವರ್ಗಗಳ ಮೊತ್ತ ವಿಕರ್ಣ. ಮಹಾವೀರಾಚಾರ್ಯರೂ ಆಯತಗಳನ್ನು (ಕರ್ಣದ ಮೇಲೆ ಅರ್ಧ ಮಾಡಿದರೆ ಇದೇ ತ್ರಿಭುಜ) ಹುಟ್ಟಿಸುವುದು ಹೀಗೆಯೇ. 13ಕ್ಕೆ ಬೀಜ 3 ಮತ್ತು 2: ಬಾಹು 5, 12. 37ಕ್ಕೆ ಬೀಜ 6 ಮತ್ತು 1: ಬಾಹು 35, 12. ಎರಡೂ ಸೇರಿದ 13×37 = 481ಕ್ಕೆ ಎರಡು ಬೀಜಜೋಡಿ ಇವೆ. 20 ಮತ್ತು 9 ತಗೊಂಡರೆ ಬಾಹು 319, 360. 16 ಮತ್ತು 15 ತಗೊಂಡರೆ ಬಾಹು 31, 480.

ಈಗ ಇವನ್ನು 111111ಕ್ಕೆ ಹಿಗ್ಗಿಸಿ. 13ರದ್ದನ್ನು 8547ರಿಂದ ಗುಣಿಸಿದರೆ 42735 ಮತ್ತು 102564. 37ರದ್ದನ್ನು 3003ರಿಂದ ಗುಣಿಸಿದರೆ 36036 ಮತ್ತು 105105. 481ರದ್ದನ್ನು 231ರಿಂದ ಗುಣಿಸಿದರೆ 73689, 83160 ಒಂದು, 7161, 110880 ಇನ್ನೊಂದು. ನಾಲ್ಕೇ, ಐದನೆಯದು ಇಲ್ಲ. 36036, 105105, 111111 ಅನ್ನುವ ತ್ರಿಭುಜ ಬೋರ್ಡಿನ ಮೇಲೆ ಬರೆಯಲೇ ಒಂದು ಖುಷಿ.

ಮಹಾವೀರಾಚಾರ್ಯರು ಕರ್ಣ 65 ಇರುವ ಆಯತಗಳನ್ನು ಕೊಡುತ್ತಾರೆ: 39 ಮತ್ತು 52, 25 ಮತ್ತು 60, 33 ಮತ್ತು 56, 16 ಮತ್ತು 63. ಅಲ್ಲೂ ನಾಲ್ಕು. 65 = 5×13, ಎರಡಕ್ಕೂ 4ರಿಂದ ಶೇಷ 1. ನಮ್ಮ 481 ಕೂಡ ಅದೇ ಅಚ್ಚಿನಲ್ಲಿ ಹುಟ್ಟಿದ್ದು.

ಒಂದು ಒಂದು ಜಾಸ್ತಿಯಾದರೆ

ಹೊರಗಿನ ರೂಪ ನೋಡಿ ಮೋಸಹೋಗಬಾರದು ಅನ್ನುವುದಕ್ಕೆ ಮುಂದಿನ ಮೆಟ್ಟಿಲು ಸಾಕು: 1234567654321. ಇದು ಏಳು ಒಂದುಗಳ ವರ್ಗ. ಮೂರು ಮೂರು ಕತ್ತರಿಸಿ: 321−654+567−234+1 = 1. 7, 11, 13 ಮೂರೂ ಔಟ್. ಅಂಕಿಗಳ ಮೊತ್ತ 49, 3 ಔಟ್. ತುಂಡುಗಳನ್ನು ಕೂಡಿದರೆ 1777, 37 ಔಟ್. ನಮ್ಮ ಉಪಾಯಗಳೆಲ್ಲ ಖಾಲಿ.

ಆದರೆ ಇದು ವರ್ಗ, ಹಾಗಾಗಿ 1111111 ಒಂದನ್ನು ಒಡೆದರೆ ಸಾಕು. ಅದರ ವರ್ಗಮೂಲ ಸುಮಾರು 1054. ಅಷ್ಟರೊಳಗಿನ ಅವಿಭಾಜ್ಯಗಳನ್ನೆಲ್ಲ ಪ್ರಯತ್ನಿಸಬೇಕು. ಕೆಲಸ ಕಡಿಮೆ ಮಾಡಲು ಒಂದು ದಾರಿ ಇದೆ. ಏಳು ಒಂದುಗಳಿಗೆ ಹೋಗುವ ಅವಿಭಾಜ್ಯವನ್ನು 14ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. 7 ಅವಿಭಾಜ್ಯ ಆಗಿರುವುದರಿಂದ ಫರ್ಮಾ ಅನ್ನುವ ಗಣಿತಜ್ಞನ ಪ್ರಮೇಯದಿಂದ ಇದು ಬರುತ್ತದೆ. ಹಾಗಾಗಿ 29, 43, 71, 113, 127, 197, 211, 239 ಇಷ್ಟನ್ನೇ ನೋಡಿ. ಎಂಟನೆಯದು ಹೋಗುತ್ತದೆ: 1111111 = 239×4649. 239ಕ್ಕಿಂತ ಚಿಕ್ಕದು ಯಾವುದೂ ಹೋಗಲಿಲ್ಲ, 239ರ ವರ್ಗ 4649ಕ್ಕಿಂತ ತುಂಬಾ ದೊಡ್ಡದು. ಹೀಗಾಗಿ 4649 ಅವಿಭಾಜ್ಯವೇ, ಬೇರೆ ಪರೀಕ್ಷೆ ಬೇಡ.

ಮೊದಲಿನದಕ್ಕೆ 243 ಭಾಜಕ, ಇದಕ್ಕೆ ಒಂಬತ್ತೇ ಒಂಬತ್ತು. ಅಂಕಿಗಳನ್ನು ನೋಡಿದರೆ ಅಕ್ಕತಂಗಿಯರು, ಒಳಗೆ ಸಂಬಂಧವೇ ಇಲ್ಲ.

ಕೈಯಲ್ಲಿ ಆಗದಿದ್ದಾಗ

ಯಾವುದೋ ಒಂದು 11 ಅಂಕಿಯ ಸಂಖ್ಯೆ ತಗೊಂಡರೆ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. 1 ಲಕ್ಷದೊಳಗೇ 9592 ಅವಿಭಾಜ್ಯಗಳಿವೆ, ಅಷ್ಟನ್ನೂ ಕೈಯಲ್ಲಿ ಭಾಗಿಸಿ ನೋಡಲು ಆಗುತ್ತದೆಯೇ? 3, 9, 11, 1001, 999 ಪರೀಕ್ಷೆ ಮಾಡಿ, ವರ್ಗವೇ ಅಂತ ನೋಡಿ, ಆಮೇಲೂ ಬಗ್ಗದಿದ್ದರೆ ಮೊಬೈಲ್ ತನ್ನಿ. ಮನೆಯಲ್ಲಿ ಲಿನಕ್ಸ್ ಕಂಪ್ಯೂಟರ್ ಇದ್ದರೆ 'ಫ್ಯಾಕ್ಟರ್' ಅನ್ನುವ ಕಮಾಂಡ್ ಕೊಟ್ಟು ಮುಂದೆ ಸಂಖ್ಯೆ ಬರೆಯಿರಿ. ಕಣ್ಣು ಮಿಟುಕಿಸುವುದರೊಳಗೆ ಉತ್ತರ.

ಎರಡು ಎಚ್ಚರಿಕೆ. ಎಕ್ಸೆಲ್ 15 ಅಂಕಿಗಿಂತ ಮುಂದೆ ನೆನಪಿಡುವುದಿಲ್ಲ, ಅಲ್ಲಿಂದಾಚೆ ಸೊನ್ನೆ ಹಾಕುತ್ತದೆ. ನಮ್ಮ ಸಂಖ್ಯೆಗೆ ತೊಂದರೆಯಿಲ್ಲ, ಒಂಬತ್ತು ಒಂದುಗಳ ವರ್ಗಕ್ಕೆ ಇದೆ: ಎಂಟರದ್ದು ಸರಿಯಾಗಿ 15 ಅಂಕಿ, ಅದು ಪಾರು, ಒಂಬತ್ತರದ್ದು 17, ಅಲ್ಲಿ ಕೊನೆಯ 21 ಹೋಗಿ 00 ಆಗುತ್ತದೆ. ಪ್ರೋಗ್ರಾಂ ಬರೆಯುವವರಿಗೆ ಇನ್ನೊಂದು: 32 ಬಿಟ್‌ನಲ್ಲಿ ಹಿಡಿಯುವುದು 4294967295ರವರೆಗೆ ಮಾತ್ರ. 12345654321ಕ್ಕೆ 34 ಬಿಟ್ ಬೇಕು. ಪೈಥಾನ್‌ನಲ್ಲಿ ಈ ಚಿಂತೆ ಇಲ್ಲ, ಸಿ ಭಾಷೆಯಲ್ಲಿ ಇದೆ.

ಅಭ್ಯಾಸಕ್ಕೆ ಎರಡು ಬಿಟ್ಟಿದ್ದೇನೆ. 123454321, ಅಂದರೆ ಐದು ಒಂದುಗಳ ವರ್ಗ. ಮೂರಂಕಿ ಉಪಾಯ ಇಲ್ಲಿ ನಡೆಯುವುದಿಲ್ಲ, ಐದು ಅವಿಭಾಜ್ಯವಾದ್ದರಿಂದ 10ರಿಂದ ಭಾಗಿಸಿದಾಗ ಶೇಷ 1 ಬರುವ ಅವಿಭಾಜ್ಯಗಳನ್ನು ಮಾತ್ರ ಹುಡುಕಿ, ಮೂರನೇ ಪ್ರಯತ್ನಕ್ಕೆ ಸಿಗುತ್ತದೆ. ಎರಡನೆಯದು 12345678987654321. ಇದರ ಮೂಲ 111111111. ಮಹಾವೀರಾಚಾರ್ಯರ ಹಾರಗಳಲ್ಲಿ 12345679×9 ಕೂಡ ಇದೆ, ಅಲ್ಲಿಂದ ಶುರು ಮಾಡಿ. 12345679ರ ಮೂರು ತುಂಡು ಕೂಡಿದರೆ 12+345+679 = 1036, ಅದು 28×37. 37 ತೆಗೆದ ಮೇಲೆ ಉಳಿಯುವ 333667 ಅವಿಭಾಜ್ಯ. ಭಾಜಕಗಳ ಎಣಿಕೆ 45 ಬರಬೇಕು. 27 ಬಂದರೆ 9 ಅನ್ನು 3² ಅಂತ ಒಡೆಯುವುದನ್ನು ಬಿಟ್ಟಿದ್ದೀರಿ.